ಒಂದು ಪಹಣಿ, ಎರಡು ಫೋಟೋ

ಕೋರ್ಟಿನ ಗೇಟಿನ ಎದುರುಗಡೆ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಹತ್ತೊಂಬತ್ತು ವರ್ಷವಾಯಿತು. ಜೆರಾಕ್ಸ್ ಜೊತೆಗೆ ಟೈಪಿಂಗ್, ಪಾಸ್‌ಪೋರ್ಟ್ ಸೈಜ್ ಫೋಟೋ, ಲ್ಯಾಮಿನೇಷನ್, ಪಹಣಿ ತೆಗೆದುಕೊಡುವುದು. ವಕೀಲರ ಗುಮಾಸ್ತರು ಗೀಚಿ ಕೊಟ್ಟಿದ್ದನ್ನು ನುಡಿ ಸಾಫ್ಟ್‌ವೇರಿನಲ್ಲಿ ಹೊಡೆದು ಹೊಡೆದು ಸೆಕ್ಷನ್ ನಂಬರುಗಳು ನನಗೆ ಮಗ್ಗಿಯ ಹಾಗೆ ಬರುತ್ತವೆ. 2024ರ ಜುಲೈ 1ಕ್ಕೆ ಹಳೆಯ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಅನ್ನುವ ಹೊಸ ಕಾನೂನು ಬಂತಲ್ಲ, ಆಗ ವಕೀಲರಿಗಿಂತ ಜಾಸ್ತಿ ತಲೆಕೆಟ್ಟಿದ್ದು ನನಗೆ. ಮೋಸ ಅಂದ ಕೂಡಲೇ ಬೆರಳು 420 ಹೊಡೆಯುತ್ತಿತ್ತು. ಅದೀಗ 318. ಬೆರಳಿಗೆ ಬುದ್ಧಿ ಹೇಳಲು ಆರು ತಿಂಗಳು ಹಿಡಿಯಿತು.

ದಿನಕ್ಕೆ ನಾಲ್ಕು ಜನವಾದರೂ ಬಂದು ಕೇಳುವ ಪ್ರಶ್ನೆ ಒಂದಿದೆ. "ಜಾಮೀನಿಗೆ ಏನೇನು ತರಬೇಕು?" ನಾನು ತಲೆ ಎತ್ತದೆ ಹೇಳುತ್ತೇನೆ: ಒಂದು ಪಹಣಿ, ಎರಡು ಫೋಟೋ, ಆಧಾರ್ ಜೆರಾಕ್ಸ್, ಅಫಿಡವಿಟ್. ಪಹಣಿ ಹೊಸದಾಗಿರಬೇಕು, ಫೋಟೋ ಸ್ವಲ್ಪ ಹಳೆಯದಾದರೂ ನಡೆಯುತ್ತದೆ. ಇಷ್ಟು ವರ್ಷದಲ್ಲಿ ಆ ಪಹಣಿ ನನ್ನದೇ ಆಗಬೇಕು ಅಂತ ಯಾರೂ ಕೇಳಿರಲಿಲ್ಲ.

ಹೋದ ವರ್ಷ ಮಳೆಗಾಲದ ಒಂದು ಮಧ್ಯಾಹ್ನ ಚಿಕ್ಕಮ್ಮನ ಮಗಳು ಬಂದಳು. ಕೊಡೆ ಮಡಚಿ ಬಾಗಿಲ ಹೊರಗಿಟ್ಟು, ಒಳಗೆ ಬಂದು ಸ್ಟೂಲಿನ ಮೇಲೆ ಕೂತಳು. ಗಿರಾಕಿಗಳು ಹೋಗುವವರೆಗೂ ಮಾತಾಡಲಿಲ್ಲ.

"ಅಣ್ಣಯ್ಯ, ಹೈಕೋರ್ಟಲ್ಲಿ ಬೇಲ್ ಆಯ್ತಂತೆ. ಇಬ್ಬರು ಜಾಮೀನು ನಿಲ್ಲಬೇಕಂತೆ. ಒಬ್ಬರು ಅವನ ದೊಡ್ಡಪ್ಪ ಒಪ್ಪಿದ್ದಾರೆ. ಇನ್ನೊಬ್ಬರು..."

ಮುಂದೆ ಹೇಳಲಿಲ್ಲ. ನನ್ನ ಹೆಸರಲ್ಲಿ ಒಂದೂಕಾಲು ಎಕರೆ ಅಡಿಕೆ ತೋಟ ಇದೆ, ಅದು ಅವಳಿಗೂ ಗೊತ್ತು. ಚಿಕ್ಕಂದಿನಲ್ಲಿ ಅದೇ ತೋಟದಲ್ಲಿ ಇಬ್ಬರೂ ಹಾಳೆ ಮೇಲೆ ಕೂತು ಎಳೆದಾಡಿಕೊಂಡವರು. ನಾಳೆ ಹೇಳುತ್ತೇನೆ ಅಂದೆ. ಅವಳು ಕೊಡೆ ಮರೆತು ಹೋದಳು.

ಅವಳ ಮಗ ಒಳಗಿದ್ದ. ಹುಡುಗರನ್ನು ಕಾಂಬೋಡಿಯಾಕ್ಕೆ ಕಳಿಸಿ ಮಾರಿದ ಅಂತ ಕೇಸು. ಆರೋಪಿ ನಂಬರ್ 3. ಒಂದನೆಯವನೂ ಎರಡನೆಯವನೂ ತಲೆಮರೆಸಿಕೊಂಡಿದ್ದಾರೆ. ಇಂಥ ಕೇಸಿನ ಕಾಗದ ಈಚೆಗೆ ನನ್ನ ಮೇಜಿನ ಮೇಲೆ ಎರಡು ಮೂರು ಹಾದುಹೋಗಿವೆ. ಎಲ್ಲದರಲ್ಲೂ ಹೀಗೇ. ಮೇಲಿನವರು ಸಿಗುವುದಿಲ್ಲ. ಊರಲ್ಲಿ ಮನೆ ಇರುವವನು, ಅಮ್ಮ ಇರುವವನು, ಸಂಜೆ ಸರ್ಕಲ್ಲಿನಲ್ಲಿ ಕಾಣಿಸುವವನು ಸಿಗುತ್ತಾನೆ.

ನಮ್ಮ ಹುಡುಗ ಡಿಪ್ಲೊಮಾ ಮುಗಿಸಿ ಬೆಂಗಳೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದ. ಯಾವುದೋ ಟೆಲಿಗ್ರಾಂ ಗುಂಪಿನಲ್ಲಿ ಕೆಲಸದ ಜಾಹೀರಾತು ನೋಡಿದ. ಡೇಟಾ ಎಂಟ್ರಿ, ತಿಂಗಳಿಗೆ 900 ಡಾಲರ್, ಊಟ ವಸತಿ ಫ್ರೀ. ವಿಡಿಯೋ ಕಾಲಿನಲ್ಲಿ ಇಂಟರ್‌ವ್ಯೂ ಆಯಿತು, ಟೈಪಿಂಗ್ ಸ್ಪೀಡ್ ನೋಡಿದರು. ಒಂದೂವರೆ ಲಕ್ಷ ಕೊಟ್ಟ. ಲೈಸೆನ್ಸ್ ಇರುವ ಏಜೆಂಟ್ ಆಗಿದ್ದರೆ 30 ಸಾವಿರ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ, ಆ ಲೈಸೆನ್ಸ್ ನಂಬರನ್ನು ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಇದು ನನಗೆ ಈಗ ಗೊತ್ತು. ಆಗ ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನನಗೆ ಯಾಕೆ ಗೊತ್ತಿರಬೇಕಿತ್ತು ಅನ್ನುವುದು ಆಮೇಲೆ ಹೇಳುತ್ತೇನೆ.

ಟೂರಿಸ್ಟ್ ವೀಸಾದಲ್ಲಿ ಹೋದ. ಇಳಿದ ರಾತ್ರಿಯೇ ಪಾಸ್‌ಪೋರ್ಟ್ ಕಿತ್ತುಕೊಂಡರು. ದೊಡ್ಡ ಕಾಂಪೌಂಡು, ಮೇಲೆ ತಂತಿ ಬೇಲಿ, ಒಳಗೇ ಅಂಗಡಿ, ಒಳಗೇ ಮಲಗುವ ಕೋಣೆ. ಕೆಲಸ ಏನೆಂದರೆ ಹೆಣ್ಣಿನ ಹೆಸರಲ್ಲಿ ಫೇಸ್‌ಬುಕ್ ಖಾತೆ ತೆರೆದು ಊರಿನವರ ಜೊತೆ ಮಾತಿಗಿಳಿಯುವುದು. ವಾರಗಟ್ಟಲೆ ಪ್ರೀತಿ, ಊಟ ಆಯ್ತಾ, ನಿದ್ದೆ ಬಂತಾ. ಆಮೇಲೆ ನಿಧಾನಕ್ಕೆ ಒಂದು ಟ್ರೇಡಿಂಗ್ ಆ್ಯಪ್. ಚೀನಾದ ದಂಧೆಕೋರರು ಇದಕ್ಕೆ ಇಟ್ಟ ಹೆಸರೇ ಹಂದಿ ಕೊಯ್ಯುವುದು. ಮೊದಲು ಕೊಬ್ಬಿಸು, ಆಮೇಲೆ ಕೊಯ್ಯಿ. ಮೋಸ ಹೋಗುವವರೂ ಭಾರತದವರೇ, ಮೋಸ ಮಾಡಲು ಕೂರಿಸಿದವರೂ ಭಾರತದವರೇ. ಟಾರ್ಗೆಟ್ ಮುಟ್ಟದಿದ್ದರೆ ದಂಡ. ದಂಡ ಕಟ್ಟದಿದ್ದರೆ ಏಟು.

ಏಳು ತಿಂಗಳಾದ ಮೇಲೆ ವಾಪಸ್ ಬಂದ. ಹೇಗೆ ಬಂದೆ ಅಂದರೆ "ಕಾಂಟ್ರಾಕ್ಟ್ ಮುಗೀತು ಮಾವ" ಅಂದ. ಬಂದ ಮೇಲೆ ಒಂದು ಹೊಸ ಅಭ್ಯಾಸ ಶುರುವಾಗಿತ್ತು. ಯಾರಾದರೂ ಮಾತಾಡಿಸಿದರೆ ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸಿ ಕೇಳುತ್ತಿದ್ದ. ದೊಡ್ಡ ಮನುಷ್ಯನ ಹಾಗೆ ಗತ್ತು ಬಂದಿದೆ ಅಂತ ಮನೆಯಲ್ಲಿ ತಮಾಷೆ ಮಾಡಿದೆವು.

ಅವನು ಬರುವುದಕ್ಕೆ ಹತ್ತು ದಿನ ಮುಂಚೆ ಪಕ್ಕದೂರಿನ ಇಬ್ಬರು ಹುಡುಗರು ಅದೇ ಕಾಂಪೌಂಡಿಗೆ ಹೋಗಿದ್ದರು. ಇವನ ಮಾತು ನಂಬಿ. ವಾಟ್ಸಾಪ್‌ನಲ್ಲಿ ಇವನು ಕಳಿಸಿದ ಮೆಸೇಜುಗಳೆಲ್ಲ ಈಗ ಚಾರ್ಜ್‌ಶೀಟಿನಲ್ಲಿವೆ. "ಒಳ್ಳೆ ಕಂಪನಿ ಕಣೋ, ಬನ್ನಿ." ಇವನ ಬ್ಯಾಂಕ್ ಖಾತೆಗೆ ಎರಡು ಸಲ ನಲವತ್ತು ನಲವತ್ತು ಸಾವಿರ ಬಂದಿದೆ. ಅದೂ ಇದೆ.

ಜೈಲಿನಲ್ಲಿ ನೋಡಲು ಹೋದಾಗ ಅವನು ಹೇಳಿದ್ದು ಬೇರೆ ಕಥೆ. ಹೊರಗೆ ಹೋಗಬೇಕಾದರೆ ಡಾಲರ್ ಲೆಕ್ಕದಲ್ಲಿ ದುಡ್ಡು ಕಟ್ಟು, ಇಲ್ಲವಾದರೆ ನಿನ್ನ ಬದಲಿಗೆ ಇಬ್ಬರನ್ನು ತಾ ಅಂದರಂತೆ. ಮೆಸೇಜ್ ಬರೆಯುವಾಗ ಹಿಂದೆ ಒಬ್ಬ ನಿಂತಿದ್ದನಂತೆ. ಮೊದಲ ನಲವತ್ತು ಸಾವಿರ ಅವರು ಹೇಳಿದ ಖಾತೆಗೇ ವಾಪಸ್ ಹೋಯಿತಂತೆ. ಸ್ಟೇಟ್‌ಮೆಂಟ್ ನೋಡಿದೆ, ನಿಜ, ಹೋಗಿದೆ. ಎರಡನೆಯದು ಹೋಗಿಲ್ಲ. ಅದು ಬಂದದ್ದು ಇವನು ಊರಿಗೆ ಬಂದ ಮೇಲೆ. ಅದರಲ್ಲಿ ಅಮ್ಮನ ಸರ ಬಿಡಿಸಿದ್ದಾನೆ. ಇವನನ್ನು ಕಳಿಸಲು ಒತ್ತೆ ಇಟ್ಟಿದ್ದ ಸರ.

ಆ ಎರಡನೆಯ ನಲವತ್ತು ಸಾವಿರ ಇಲ್ಲದಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ. ಪಾಪದ ಹುಡುಗ, ಅನ್ಯಾಯವಾಗಿ ಸಿಕ್ಕಿಬಿದ್ದ ಅಂತ ಪಹಣಿ ಕೊಟ್ಟು ಬರುತ್ತಿದ್ದೆ.

ಈಗ ನನ್ನ ಪಾಲು. ಆ ಇಬ್ಬರು ಹುಡುಗರ ಆಫರ್ ಲೆಟರ್, ಟಿಕೆಟ್, ಹೋಟೆಲ್ ಬುಕಿಂಗ್, ಇಷ್ಟನ್ನೂ ಕಲರ್ ಪ್ರಿಂಟ್ ತೆಗೆದುಕೊಟ್ಟವನು ನಾನೇ. ಪುಟಕ್ಕೆ ಹತ್ತು ರೂಪಾಯಿ. ಆಫರ್ ಲೆಟರಿನಲ್ಲಿ ಕಂಪನಿಯ ವಿಳಾಸವೇ ಇರಲಿಲ್ಲ, ಬರೀ ಊರಿನ ಹೆಸರು, ಒಂದು ಜಿಮೇಲ್ ಐಡಿ. ದಿನವಿಡೀ ಕಾಗದ ನೋಡುವ ಕಣ್ಣು ನನ್ನದು. ಪಹಣಿಯಲ್ಲಿ ಒಂದು ಸರ್ವೆ ನಂಬರ್ ತಪ್ಪಿದ್ದರೆ ದೂರದಿಂದಲೇ ಹೇಳುತ್ತೇನೆ. ಅವತ್ತು ಮಾತ್ರ "ಎಲ್ಲಿಗ್ರೋ, ಫಾರಿನ್ನಾ? ಭೇಷ್" ಅಂದು ಪ್ಲಾಸ್ಟಿಕ್ ಕವರಿಗೆ ಹಾಕಿಕೊಟ್ಟೆ. ಕವರ್ ಫ್ರೀ.

ವಿದೇಶಾಂಗ ಇಲಾಖೆ 2022ರ ಸೆಪ್ಟೆಂಬರ್‌ನಲ್ಲೇ ಎಚ್ಚರಿಕೆ ಕೊಟ್ಟಿತ್ತು. ಥಾಯ್ಲೆಂಡಿನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸ ಅಂತ ಕರೆದುಕೊಂಡು ಹೋಗಿ ಗಡಿ ದಾಟಿಸಿ ಮ್ಯಾನ್ಮಾರಿಗೆ ಒಯ್ಯುತ್ತಾರೆ, ಹುಷಾರು ಅಂತ. ಮರುವರ್ಷ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ಹೇಳಿದ್ದು, ಮ್ಯಾನ್ಮಾರಿನಲ್ಲಿ ಕಡಿಮೆಯೆಂದರೂ 1.2 ಲಕ್ಷ, ಕಾಂಬೋಡಿಯಾದಲ್ಲಿ ಸುಮಾರು 1 ಲಕ್ಷ ಜನರನ್ನು ಇಂಥ ಕೆಲಸಕ್ಕೆ ಕೂರಿಸಿರಬಹುದು. ನಮ್ಮ ಇಮಿಗ್ರೇಷನ್ ಇಲಾಖೆಯ ಲೆಕ್ಕ ಇನ್ನೊಂದಿದೆ. 2022ರ ಜನವರಿಯಿಂದ 2024ರ ಮೇ ತನಕ ವಿಸಿಟರ್ ವೀಸಾದಲ್ಲಿ ಕಾಂಬೋಡಿಯಾ, ಥಾಯ್ಲೆಂಡ್, ಮ್ಯಾನ್ಮಾರ್, ವಿಯೆಟ್ನಾಂಗೆ ಹೋದ 73,138 ಜನರಲ್ಲಿ 29,466 ಜನ ವಾಪಸ್ ಬಂದಿರಲಿಲ್ಲ. ಅವರೆಲ್ಲರೂ ಇದೇ ಜಾಲದಲ್ಲಿ ಸಿಕ್ಕಿಬಿದ್ದವರು ಅಂತಲ್ಲ. ಆದರೆ ಒಂದು ತಾಲ್ಲೂಕಿನ ಜೆರಾಕ್ಸ್ ಅಂಗಡಿಯವನಿಗೆ ಗೊತ್ತಿರುವವರಲ್ಲೇ ಮೂವರು ಹೋಗಿದ್ದಾರೆ ಅಂದ ಮೇಲೆ ಆ ನಂಬರನ್ನು ಸುಮ್ನೆ ಓದಿ ಪುಟ ತಿರುಗಿಸಲು ನನಗೆ ಆಗಲಿಲ್ಲ.

ಇಂಥ ಕೇಸಿಗೆ ಮೊದಲು ಹಾಕುವ ಕಾನೂನು 1983ರ ಎಮಿಗ್ರೇಷನ್ ಆ್ಯಕ್ಟ್. ಲೈಸೆನ್ಸ್ ಇಲ್ಲದೆ ಜನರನ್ನು ವಿದೇಶಕ್ಕೆ ಕಳಿಸಿದರೆ ಎರಡು ವರ್ಷದವರೆಗೆ ಜೈಲು, 2,000 ರೂಪಾಯಿವರೆಗೆ ದಂಡ. ಎರಡು ಸಾವಿರ! ಟೈಪ್ ಮಾಡುವಾಗ ಒಂದು ಸೊನ್ನೆ ಬಿಟ್ಟುಹೋಗಿದೆ ಅಂದುಕೊಂಡು ಪುಸ್ತಕ ತೆಗೆದು ನೋಡಿದೆ. ಬಿಟ್ಟುಹೋಗಿಲ್ಲ.

ಅದರಿಂದ ಏನೂ ಆಗುವುದಿಲ್ಲ ಅಂತ ಪೊಲೀಸರು ದೊಡ್ಡ ಸೆಕ್ಷನ್ ಹಾಕುತ್ತಾರೆ. ಭಾರತೀಯ ನ್ಯಾಯ ಸಂಹಿತೆಯ 143, ಮನುಷ್ಯರ ಸಾಗಣೆ. ಅದರಲ್ಲಿ ಒಂದು ಲೆಕ್ಕಾಚಾರವಿದೆ, ಬೇಲ್ ಅನ್ನುವುದು ಇಂಥ ಲೆಕ್ಕದ ಮೇಲೇ ನಿಂತಿರುತ್ತದೆ ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಒಬ್ಬನನ್ನು ಸಾಗಿಸಿದರೆ ಏಳರಿಂದ ಹತ್ತು ವರ್ಷ. ಒಬ್ಬರಿಗಿಂತ ಹೆಚ್ಚಾದರೆ ಕಡಿಮೆಯೆಂದರೂ ಹತ್ತು ವರ್ಷ, ಜೀವಾವಧಿಯವರೆಗೂ ಹೋಗಬಹುದು. ಜೀವಾವಧಿ ಅನ್ನುವ ಪದ ಬಂತೆಂದರೆ ಮ್ಯಾಜಿಸ್ಟ್ರೇಟರು ಸಾಮಾನ್ಯವಾಗಿ ಬೇಲ್ ಕೊಡಲು ಹೋಗುವುದಿಲ್ಲ, ಸೆಷನ್ಸ್ ಕೋರ್ಟಿಗೆ ಹೋಗಿ ಅನ್ನುತ್ತಾರೆ. ಚಾರ್ಜ್‌ಶೀಟ್ ಹಾಕಲು ಪೊಲೀಸರಿಗೆ 60 ದಿನದ ಬದಲು 90 ದಿನ ಸಿಗುತ್ತದೆ. ಆ ಗಡುವಿನೊಳಗೆ ಹಾಕದಿದ್ದರೆ ಆರೋಪಿಗೆ ಬೇಲ್ ಹಕ್ಕಾಗಿ ಸಿಗಬೇಕು. ನಮ್ಮ ಹುಡುಗನ ಕೇಸಿನಲ್ಲಿ 84ನೇ ದಿನ ಹಾಕಿದರು. "ನಿನ್ನ ಬದಲಿಗೆ ಇಬ್ಬರನ್ನು ತಾ" ಅಂದಿದ್ದರಲ್ಲ ಅಲ್ಲಿ, ಒಬ್ಬನನ್ನು ತಾ ಅಂದಿದ್ದರೆ ಇಲ್ಲಿನ ಲೆಕ್ಕವೇ ಬೇರೆ ಆಗುತ್ತಿತ್ತು.

ಸೆಷನ್ಸ್‌ನಲ್ಲಿ ಬೇಲ್ ವಜಾ ಆಯಿತು. ಆ ಆದೇಶದ ಜೆರಾಕ್ಸ್ ನಾನೇ ತೆಗೆದೆ, ಓದಿದೆ. ಸರ್ಕಾರಿ ವಕೀಲರ ವಾದ ಸರಳವಾಗಿತ್ತು. ಆರೋಪಿ 1 ಮತ್ತು 2 ಸಿಕ್ಕಿಲ್ಲ, ಇವನು ಹೊರಬಂದರೆ ಅವರಿಗೆ ಸುದ್ದಿ ಮುಟ್ಟಿಸುತ್ತಾನೆ. ವಿದೇಶಕ್ಕೆ ಹೋಗಿ ಬಂದವನು, ಮತ್ತೆ ಓಡಿಹೋಗಬಹುದು. ಸಾಕ್ಷಿಗಳು ಪಕ್ಕದೂರಿನವರೇ, ಹೆದರಿಸಬಹುದು. ಇವನೂ ಬಲಿಪಶುವೇ ಅಂತ ನಮ್ಮ ವಕೀಲರು ಹೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಒಂದೇ ಸಾಲು. ಇವನ ಪಾಸ್‌ಪೋರ್ಟ್ ಇವನ ಕೈಯಲ್ಲೇ ಇತ್ತು, ಮಾಮೂಲಿ ವಿಮಾನದಲ್ಲಿ, ಮಾಮೂಲಿ ಸೀಲು ಹಾಕಿಸಿಕೊಂಡು ಬಂದಿದ್ದಾನೆ, ಬಲವಂತ ಎಲ್ಲಿ?

ಆ ಸಾಲನ್ನು ಓದಿದ ಮೇಲೆ ನನಗೆ ಹೊಳೆದದ್ದು ಇದು. ಕೋರ್ಟಿನ ಮುಂದೆ ನೊಂದವನು ಯಾರು, ಏಜೆಂಟ್ ಯಾರು ಅನ್ನುವುದು ಮೊದಲ ದಿನ ತೀರ್ಮಾನವಾಗುವುದು ಕೈಯಲ್ಲಿರುವ ಕಾಗದದ ಮೇಲೆ. 2025ರ ಮಾರ್ಚ್‌ನಲ್ಲಿ ಥಾಯ್ಲೆಂಡಿನ ಮೇ ಸೋಟ್‌ನಿಂದ ವಾಯುಪಡೆಯ ವಿಮಾನದಲ್ಲಿ ಎರಡು ದಿನದಲ್ಲಿ, ಇಂಥ ಕಾಂಪೌಂಡುಗಳಿಂದ ಪಾರಾದ 549 ಜನರನ್ನು ಕರೆತಂದರು. ಅವರ ಹೆಸರು ಪಟ್ಟಿಯಲ್ಲಿದೆ. ರಾಯಭಾರ ಕಚೇರಿಗೆ ಓಡಿಹೋಗಿ ಸೇರಿಕೊಂಡವನಿಗೆ ಒಂದು ಎಮರ್ಜೆನ್ಸಿ ಸರ್ಟಿಫಿಕೇಟ್ ಸಿಗುತ್ತದೆ, ಕಳೆದುಹೋದ ಪಾಸ್‌ಪೋರ್ಟಿನ ಬದಲಿಗೆ. ಪಕ್ಕದೂರಿನ ಇಬ್ಬರಲ್ಲಿ ಒಬ್ಬ ಹಾಗೇ ಬಂದ. ಇನ್ನೊಬ್ಬನನ್ನು ಅವನ ಮನೆಯವರು ದುಡ್ಡು ಕಟ್ಟಿ ಬಿಡಿಸಿಕೊಂಡರು. ಅದಕ್ಕೂ ಬ್ಯಾಂಕಿನ ಕಾಗದ ಇದೆ. ನಮ್ಮವನು ಅವರು ಹೇಳಿದ್ದನ್ನು ಮಾಡಿ, ಅವರು ವಾಪಸ್ ಕೊಟ್ಟ ಪಾಸ್‌ಪೋರ್ಟ್ ಹಿಡಿದು, ಅವರೇ ಕೊಡಿಸಿದ ಟಿಕೆಟ್‌ನಲ್ಲಿ ಬಂದ. ಅವನು ಏಟು ತಿಂದದ್ದಕ್ಕೆ ಕಾಗದ ಇಲ್ಲ. ಬಂದ ಮೇಲೆ ಡಾಕ್ಟರ ಹತ್ತಿರವೂ ಹೋಗಲಿಲ್ಲ, ಸ್ಟೇಷನ್ನಿಗೂ ಹೋಗಲಿಲ್ಲ. ಏನಂತ ಹೇಳುತ್ತಾನೆ? ನನ್ನ ಬದಲಿಗೆ ಇಬ್ಬರನ್ನು ಕೊಟ್ಟು ಬಂದೆ ಅಂತಲೇ?

ಕಾನೂನಿನಲ್ಲಿ ಬೆದರಿಕೆಗೆ ಒಂದು ಜಾಗ ಇದೆ. ನ್ಯಾಯ ಸಂಹಿತೆಯ 32. ಹೆದರಿಸಿ ಮಾಡಿಸಿದ್ದಾದರೆ, ಕೊಲೆಯಂಥ ಕೆಲವನ್ನು ಬಿಟ್ಟು, ಅಪರಾಧವಲ್ಲ. ಆದರೆ ಆ ಹೆದರಿಕೆ ಎಂಥದ್ದಿರಬೇಕು ಗೊತ್ತಾ? ಮಾಡದಿದ್ದರೆ ಅಲ್ಲೇ, ಆ ಕ್ಷಣವೇ ಸಾಯಿಸುತ್ತಾರೆ ಅನ್ನುವಂಥದ್ದು. ಊಟ ಕೊಡದಿರುವುದು, ಕರೆಂಟ್ ಶಾಕ್, ಪಾಸ್‌ಪೋರ್ಟ್ ಕಿತ್ತುಕೊಳ್ಳುವುದು, ಇನ್ನೊಂದು ಕಂಪನಿಗೆ ಮಾರುತ್ತೇವೆ ಅನ್ನುವುದು, ಇವು ಆ ಅಳತೆಗೆ ಬರುವುದು ಕಷ್ಟ. ಈ ಸೆಕ್ಷನ್ನಿನ ಮಾತುಗಳು ಮೆಕಾಲೆ ಕಾಲದಿಂದ ಬಂದವು. ನಂಬರು 94 ಇದ್ದದ್ದು 32 ಆಯಿತು, ಅಳತೆ ಹಾಗೇ ಉಳಿಯಿತು. ಕುತ್ತಿಗೆಗೆ ಕತ್ತಿ ಹಿಡಿದು ನಿಂತ ಡಕಾಯಿತರನ್ನು ನೆನೆದು ಬರೆದದ್ದು ಇರಬೇಕು. ತಿಂಗಳುಗಟ್ಟಲೆ ಒಂದು ಕಟ್ಟಡದಲ್ಲಿ ಕೂಡಿಹಾಕಿ ಹೆದರಿಸಬಹುದು ಅಂತ ಆಗ ಯಾರಿಗೆ ಗೊತ್ತಿತ್ತು.

ಈ ದಂಧೆಯ ಮೇಲ್ತುದಿ ಹೇಗಿರುತ್ತದೆ ಅಂತ ಒಂದು ಉದಾಹರಣೆ ಸಾಕು. 2025ರ ಅಕ್ಟೋಬರ್‌ನಲ್ಲಿ ಅಮೆರಿಕ ಸರ್ಕಾರ ಕಾಂಬೋಡಿಯಾದ ಪ್ರಿನ್ಸ್ ಗ್ರೂಪಿನ ಮುಖ್ಯಸ್ಥ ಚೆನ್ ಝಿ ಮೇಲೆ ಇಂಥದೇ ಆರೋಪ ಹೊರಿಸಿತು, ಸುಮಾರು 1,500 ಕೋಟಿ ಡಾಲರ್ ಬೆಲೆಯ ಬಿಟ್‌ಕಾಯಿನ್ ಜಪ್ತಿಗೆ ಹಾಕಿತು. ಕಂಪನಿ ಆರೋಪವನ್ನು ಅಲ್ಲಗಳೆದಿದೆ. ನಮ್ಮ ಹುಡುಗ ಇದ್ದ ಕಾಂಪೌಂಡ್ ಯಾರದ್ದೋ ಅವನಿಗೇ ಗೊತ್ತಿಲ್ಲ. ನಾನು ಹೇಳುತ್ತಿರುವುದು ಅಳತೆಯ ಮಾತು. ಒಂದು ಕಡೆ 1,500 ಕೋಟಿ ಡಾಲರ್, ಇನ್ನೊಂದು ಕಡೆ ನಮ್ಮ ತಾಲ್ಲೂಕು ಕೋರ್ಟಿನ ಕಟಕಟೆಯಲ್ಲಿ ಅಮ್ಮನ ಸರ ಬಿಡಿಸಿದ ನಲವತ್ತು ಸಾವಿರ.

ಹಾಗಂತ ಆ ನಲವತ್ತು ಸಾವಿರ ಚಿಕ್ಕದಾಗುವುದಿಲ್ಲ. ಅದನ್ನು ನನಗೆ ನೆನಪಿಸಿದ್ದು ಇನ್ನೊಬ್ಬರು.

ತಂಗಿ ಬಂದುಹೋದ ಮರುದಿನ ಬೆಳಿಗ್ಗೆ, ಶಟರ್ ಅರ್ಧ ಎತ್ತಿದ್ದೆ, ಆ ಇಬ್ಬರಲ್ಲಿ ಒಬ್ಬನ ತಂದೆ ಬಂದು ನಿಂತರು. ಅಡಿಕೆ ಸುಲಿಯುವ ಕೆಲಸಕ್ಕೆ ಜನ ಕರೆತರುವವರು, ನಮ್ಮ ತೋಟಕ್ಕೂ ಬಂದಿದ್ದಾರೆ. ಕೂತ್ಕೊಳ್ಳಿ ಅಂದೆ, ಕೂರಲಿಲ್ಲ.

"ನೀವು ನಿಲ್ತೀರಂತೆ?"

"ಇನ್ನೂ ಏನೂ ಹೇಳಿಲ್ಲ."

"ನಿಮ್ಮ ಇಷ್ಟ. ಬೇಲ್ ಆಗಿದ್ದು ನಮಗೆ ಗೊತ್ತಾಗಿದ್ದು ನಿನ್ನೆ. ಸರ್ಕಲ್ಲಲ್ಲಿ ಯಾರೋ ಹೇಳಿದ್ರು. ಕೋರ್ಟಿನವರು ನಮ್ಮನ್ನ ಒಂದು ಮಾತು ಕೇಳಬೇಕಿತ್ತಲ್ವಾ?"

ಕೇಳಬೇಕಿತ್ತು. ಲಖೀಂಪುರ ಖೇರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ, ನೊಂದವರಿಗೆ ಪ್ರತಿ ಹಂತದಲ್ಲೂ, ಬೇಲ್ ಹಂತದಲ್ಲೂ, ತಮ್ಮ ಮಾತು ಹೇಳುವ ಹಕ್ಕಿದೆ ಅಂತ. ಆದರೆ ಆ ಹಕ್ಕು ನೂರಾರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಒಂದು ಬೆಳಿಗ್ಗೆ ಹತ್ತು ನಿಮಿಷದಲ್ಲಿ ಮುಗಿದುಹೋಗುತ್ತದೆ. ಇವರು ಆ ಹೊತ್ತಿಗೆ ಯಾರದೋ ಅಂಗಳದಲ್ಲಿ ಅಡಿಕೆ ಬೇಯಿಸುತ್ತಿರುತ್ತಾರೆ.

ಅವರು ಸಿಟ್ಟಿನಲ್ಲಿ ಮಾತಾಡಲಿಲ್ಲ, ಅದೇ ನನಗೆ ಕಷ್ಟವಾಯಿತು. ಮಗ ರಾತ್ರಿ ಲೈಟ್ ಆರಿಸಲು ಬಿಡುವುದಿಲ್ಲ ಅಂದರು. ಫೋನ್ ರಿಂಗ್ ಆದರೆ ಎದ್ದು ಹೋಗುತ್ತಾನೆ. ಬೇರೆ ರಾಜ್ಯದ ಸೈಬರ್ ಪೊಲೀಸರು ಒಂದು ಸಲ ಫೋನ್ ಮಾಡಿದ್ದರಂತೆ, ಅಲ್ಲಿದ್ದಾಗ ಅವನು ಬಳಸಿದ ಖಾತೆಯಿಂದ ಯಾರೋ ನಿವೃತ್ತರು ದುಡ್ಡು ಕಳೆದುಕೊಂಡಿದ್ದಾರೆ ಅಂತ. "ನಾಳೆ ನನ್ನ ಮಗನೂ ಆರೋಪಿ ಆಗ್ತಾನಾ?" ಅಂದರು. ನಾನು ಏನು ಹೇಳಲಿ. ಆಗಬಹುದು. ಆಗ ಅವನಿಗೂ ಒಂದು ಪಹಣಿ ಬೇಕಾಗುತ್ತದೆ. ಇವರ ಹೆಸರಲ್ಲಿ ಜಮೀನಿಲ್ಲ.

ಅವರು ಹೋದ ಮೇಲೆ ಬಹಳ ಹೊತ್ತು ಮಿಷನ್ ಆನ್ ಮಾಡಲಿಲ್ಲ.

ಸಾಗಣೆ ಕೇಸುಗಳಲ್ಲಿ ಬೇಲ್ ಬೇಕಾಬಿಟ್ಟಿ ಕೊಡಬಾರದು ಅನ್ನುವವರ ಮಾತಿನಲ್ಲಿ ತೂಕವಿದೆ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಮಕ್ಕಳ ಸಾಗಣೆಯ ಕೇಸಿನಲ್ಲಿ ಅಲಹಾಬಾದ್ ಹೈಕೋರ್ಟ್ ಕೊಟ್ಟಿದ್ದ ಜಾಮೀನುಗಳನ್ನು ರದ್ದು ಮಾಡಿತು. ಹೊರಬಂದವರಲ್ಲಿ ಕೆಲವರು ನಾಪತ್ತೆಯಾಗಿದ್ದರು. ವಾರಕ್ಕೊಮ್ಮೆ ಠಾಣೆಗೆ ಬಂದು ಸಹಿ ಹಾಕು ಅನ್ನುವ ಷರತ್ತನ್ನಾದರೂ ಹಾಕಬಾರದಿತ್ತೇ ಅಂತ ಕೋರ್ಟ್ ಕೇಳಿತು. ಸರಿಯೇ. ಹಣ ತಿಂದು, ಆಫೀಸ್ ಬದಲಿಸಿ, ಹೊಸ ಸಿಮ್ಮಿನಲ್ಲಿ ಮತ್ತೆ ಹುಡುಗರನ್ನು ಹುಡುಕುವ ಏಜೆಂಟ್ ಹೊರಗೆ ಬರಬಾರದು. ಅಂಥವನ ಬಗ್ಗೆ ನನಗೆ ಕನಿಕರ ಇಲ್ಲ.

ನನ್ನ ತಕರಾರು ಬೇರೆ. ಎಫ್‌ಐಆರ್‌ನಲ್ಲಿ ಆ ಏಜೆಂಟಿಗೂ ನಮ್ಮ ಹುಡುಗನಿಗೂ ಇರುವುದು ಒಂದೇ ಸೆಕ್ಷನ್. ಬೇಲ್ ಹೊತ್ತಿಗೆ ಕೋರ್ಟ್ ಕೇಳಬೇಕಾದ ಪ್ರಶ್ನೆಗಳು ಕಷ್ಟದವೇನಲ್ಲ. ಇವನು ತಾನೇ ಅಲ್ಲಿ ಎಷ್ಟು ದಿನ ಇದ್ದ? ದುಡ್ಡು ಇವನ ಖಾತೆಯಲ್ಲಿ ನಿಂತಿತಾ, ಮುಂದೆ ಹೋಯಿತಾ? ಊರಿಗೆ ಬಂದ ಮೇಲೂ ಜನ ಕಳಿಸಿದನಾ? ಕೊನೆಯ ಪ್ರಶ್ನೆಯೇ ಮುಖ್ಯ ಅಂತ ನನಗನ್ನಿಸುತ್ತದೆ. ಬೇಲಿಯ ಒಳಗಿದ್ದು ಕರೆದವನು ಬೇರೆ, ಹೊರಗೆ ಬಂದ ಮೇಲೂ ಕರೆಯುವವನು ಬೇರೆ. ನಮ್ಮವನು ಊರಿಗೆ ಬಂದ ಮೇಲೆ ಯಾರನ್ನೂ ಕಳಿಸಿಲ್ಲ. ದುಡ್ಡು ಮಾತ್ರ ಇಟ್ಟುಕೊಂಡ. ಹೋದ ಇಬ್ಬರ ಮನೆಗೆ ಹೋಗಿ, ಅದು ಹೀಗೆ ಜಾಗ, ಅವರನ್ನು ಬಿಡಿಸಿಕೊಳ್ಳಿ ಅಂತ ಹೇಳಲೂ ಇಲ್ಲ. ಮೂರು ತಿಂಗಳು ಬಾಯಿ ಮುಚ್ಚಿಕೊಂಡಿದ್ದ. ಅದನ್ನು ನಾನು ಅವನಿಗೆ ಇನ್ನೂ ಕ್ಷಮಿಸಿಲ್ಲ.

ಆದರೆ ಅದಕ್ಕೆ ಶಿಕ್ಷೆ ಆಗಬೇಕಾದದ್ದು ವಿಚಾರಣೆ ಮುಗಿದ ಮೇಲೆ. ಬೇಲ್ ಅಂದರೆ ಬಿಡುಗಡೆ ಅಂತ ಊರಲ್ಲಿ ಎಲ್ಲರೂ ತಿಳಿದಿದ್ದಾರೆ. ಪಟಾಕಿ ಹೊಡೆದವರನ್ನೂ ನೋಡಿದ್ದೇನೆ. ಜಾಮೀನು ಅಂದರೆ ಕರೆದಾಗ ಬರುತ್ತಾನೆ ಅಂತ ಇನ್ನೊಬ್ಬರು ಕೊಡುವ ಮಾತು, ಅಷ್ಟೇ.

ಆ ಇನ್ನೊಬ್ಬರ ವಿಷಯಕ್ಕೆ ಬಂದರೆ ನನಗೆ ಯಾವಾಗಲೂ ನೆನಪಾಗುವುದು 1978ರ ಮೋತಿರಾಮ್ ಪ್ರಕರಣ. ಮಧ್ಯಪ್ರದೇಶದ ಬಡ ಗಾರೆ ಕೆಲಸಗಾರ. ಹತ್ತು ಸಾವಿರ ರೂಪಾಯಿ ಜಾಮೀನು ಕೇಳಿದರು, ಆ ಕಾಲದ ಹತ್ತು ಸಾವಿರ. ತಮ್ಮನೋ ಅಣ್ಣನೋ ನಿಲ್ಲಲು ಬಂದರೆ, ನಿನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ತೀರ್ಪಿನಲ್ಲಿ ಒಂದು ಪ್ರಶ್ನೆ ಹಾಕಿದ್ದಾರೆ. ಒಬ್ಬ ಮಲಯಾಳಿ, ಕನ್ನಡಿಗ, ತಮಿಳ ಅಥವಾ ತೆಲುಗಿನವನು ಬಸ್ತಾರಿನಲ್ಲೋ ಪೋರ್ಟ್ ಬ್ಲೇರಿನಲ್ಲೋ ಪಹಲ್ಗಾಮಿನಲ್ಲೋ ಚಾಂದನಿ ಚೌಕದಲ್ಲೋ ಸಿಕ್ಕಿಬಿದ್ದರೆ ಅಲ್ಲಿ ಆಸ್ತಿ ಇರುವ ಜಾಮೀನುದಾರನನ್ನು ಎಲ್ಲಿಂದ ತರಬೇಕು ಅಂತ. ಕನ್ನಡಿಗ ಅಂತ ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ಬಂದಿದೆ ಅನ್ನುವ ಕಾರಣಕ್ಕೇ ಮೊದಲ ಸಲ ಟೈಪ್ ಮಾಡುವಾಗ ಖುಷಿಪಟ್ಟಿದ್ದೆ. ಈಗ ಸೈಬರ್ ಕೇಸುಗಳ ಕಾಲದಲ್ಲಿ ಆ ಪ್ರಶ್ನೆಗೆ ಜೀವ ಬಂದಿದೆ. ದುಡ್ಡು ಕಳೆದುಕೊಂಡವರು ಎಲ್ಲಿ ದೂರು ಕೊಟ್ಟರೋ ಅಲ್ಲಿನ ಪೊಲೀಸರು ಬಂದು ಕರೆದೊಯ್ಯಬಹುದು. ಸ್ಥಳೀಯ ಜಾಮೀನುದಾರರೇ ಬೇಕು ಅಂತ ಹಟ ಹಿಡಿಯಬೇಡಿ, ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಷರತ್ತು ಸಡಿಲಿಸುವುದನ್ನು ಯೋಚಿಸಿ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಮತ್ತೆ ಹೇಳಬೇಕಾಯಿತು. ಬೇಲ್ ಆದೇಶ ಕೈಯಲ್ಲಿದ್ದೂ ಒಳಗೇ ಉಳಿದವರು ಅಷ್ಟಿದ್ದರು.

ನಮ್ಮ ಹುಡುಗನಿಗೆ ಹೈಕೋರ್ಟ್ ಹಾಕಿದ ಷರತ್ತುಗಳು ಹೀಗಿದ್ದವು. ಒಂದು ಲಕ್ಷದ ಬಾಂಡ್, ಅಷ್ಟೇ ಮೊತ್ತಕ್ಕೆ ಇಬ್ಬರು ಜಾಮೀನುದಾರರು. ಪಾಸ್‌ಪೋರ್ಟ್ ಕೋರ್ಟಿಗೆ ಒಪ್ಪಿಸಬೇಕು. ಹದಿನೈದು ದಿನಕ್ಕೊಮ್ಮೆ ಭಾನುವಾರ ಠಾಣೆಯಲ್ಲಿ ಸಹಿ. ಅನುಮತಿ ಇಲ್ಲದೆ ಜಿಲ್ಲೆ ಬಿಡಬಾರದು. ಸಾಕ್ಷಿಗಳನ್ನು ನೇರವಾಗಿಯಾಗಲಿ, ಬೇರೆಯವರ ಮೂಲಕವಾಗಲಿ ಸಂಪರ್ಕಿಸಬಾರದು.

ಮೂರನೇ ದಿನ ನನ್ನ ಪಹಣಿ ನಾನೇ ತೆಗೆದೆ. ಯಾಕೆ ಅಂತ ಹೆಂಡತಿ ಕೇಳಿದಳು, ತೃಪ್ತಿಯಾಗುವ ಉತ್ತರ ಕೊಡಲು ಆಗಲಿಲ್ಲ. ಹುಡುಗ ತಪ್ಪು ಮಾಡಿಲ್ಲ ಅನ್ನುವ ನಂಬಿಕೆಯಿಂದ ಅಲ್ಲ. ಓಡಿಹೋಗುವುದಿಲ್ಲ ಅನ್ನುವ ನಂಬಿಕೆ ಇತ್ತು, ಜಾಮೀನಿಗೆ ಬೇಕಾದದ್ದು ಅಷ್ಟೇ ಅಲ್ವಾ. ಜೊತೆಗೆ ಪುಟಕ್ಕೆ ಹತ್ತು ರೂಪಾಯಿಯ ಆ ಕಲರ್ ಪ್ರಿಂಟು. ಅದನ್ನು ಅವಳಿಗೆ ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಸಾವಿರಾರು ಜಾಮೀನು ಅಫಿಡವಿಟ್ ಟೈಪ್ ಮಾಡಿದವನು ನನ್ನದನ್ನು ಮಾಡುವಾಗ ಮೂರು ಸಲ ತಪ್ಪಿದೆ. "ನಾನು ಈ ಹಿಂದೆ ಇಷ್ಟು ಜನ ಆರೋಪಿಗಳಿಗೆ ಜಾಮೀನು ನಿಂತಿರುತ್ತೇನೆ" ಅನ್ನುವ ಸಾಲು ಕಡ್ಡಾಯ, ಬಾಡಿಗೆಗೆ ಜಾಮೀನು ನಿಲ್ಲುವವರನ್ನು ಹಿಡಿಯಲು. ಅಲ್ಲಿ "ಯಾರಿಗೂ ಇಲ್ಲ" ಅಂತ ಹೊಡೆದೆ. ಅವನು ಬಾರದಿದ್ದರೆ ಲಕ್ಷ ರೂಪಾಯಿ ನಾನು ಕಟ್ಟಬೇಕು. ಕಟ್ಟದಿದ್ದರೆ ನನ್ನ ಆಸ್ತಿಗೆ ಕೈ ಹಾಕಬಹುದು, ಅದೂ ಆಗದಿದ್ದರೆ ಆರು ತಿಂಗಳವರೆಗೆ ಸಿವಿಲ್ ಜೈಲು. ಇದನ್ನು ಬೇರೆಯವರಿಗೆ ಎಷ್ಟೋ ಸಲ ಸಲೀಸಾಗಿ ಹೇಳಿದ್ದೇನೆ.

ಕೋರ್ಟಿನಲ್ಲಿ ಎರಡು ನಿಮಿಷ. ಸಾಹೇಬರು ಪಹಣಿ ನೋಡಿ, ನನ್ನನ್ನು ನೋಡಿ, "ಆರೋಪಿ ನಿಮಗೆ ಏನಾಗಬೇಕು?" ಅಂದರು.

"ತಂಗಿ ಮಗ, ಸ್ವಾಮಿ."

"ಜವಾಬ್ದಾರಿ ಗೊತ್ತಲ್ಲ?"

ಪಕ್ಕದಲ್ಲಿದ್ದ ಬೆಂಚ್ ಕ್ಲರ್ಕ್ ನಕ್ಕುಬಿಟ್ಟರು. ಗೊತ್ತು ಅಂದೆ.

ಹುಡುಗ ಹೊರಗೆ ಬಂದು ನಾಲ್ಕು ತಿಂಗಳಾಯಿತು. ಹದಿನೈದು ದಿನಕ್ಕೊಮ್ಮೆ ಠಾಣೆಗೆ ಹೋಗಿ ಸಹಿ ಮಾಡಿ, ನನ್ನ ಅಂಗಡಿಗೆ ಬಂದು ಸುಮ್ನೆ ಕೂರುತ್ತಾನೆ. ಭಾನುವಾರ ಅಂಗಡಿ ಬಾಗಿಲು ಅರ್ಧ ತೆರೆದಿರುತ್ತದೆ. ಪೇಪರ್ ಕಟ್ಟು ಎತ್ತಿಕೊಡುತ್ತಾನೆ, ಮಿಷನ್ ಧೂಳು ಒರೆಸುತ್ತಾನೆ. ಆ ನಲವತ್ತು ಸಾವಿರವನ್ನು ಕೋರ್ಟಿನಲ್ಲಿ ಡಿಪಾಸಿಟ್ ಮಾಡು ಅಂತ ಹೇಳಿದ್ದೇನೆ. ಸರ ಮತ್ತೆ ಒತ್ತೆಗೆ ಹೋಗಬೇಕಾಗುತ್ತದೆ. ನೋಡೋಣ ಅಂದಿದ್ದಾನೆ.

ಹೋದ ವಾರ ಎಮರ್ಜೆನ್ಸಿ ಸರ್ಟಿಫಿಕೇಟಿನಲ್ಲಿ ಬಂದ ಹುಡುಗ, ಆ ಅಡಿಕೆ ಸುಲಿಸುವವರ ಮಗ, ಅಂಗಡಿಗೆ ಬಂದ. ಸಾಕ್ಷಿ ಸಮನ್ಸ್ ಬಂದಿದೆ, ವಕೀಲರು ಸರ್ಟಿಫಿಕೇಟಿನ ಜೆರಾಕ್ಸ್ ಕೇಳಿದ್ದಾರೆ ಅಂದ. ಬಿಳಿ ಕಾಗದ, ಮಡಿಕೆ ಬಿದ್ದ ಕಡೆ ಹರಿಯುವ ಹಾಗಿತ್ತು. ಎರಡು ಪ್ರತಿ ತೆಗೆದೆ. ಲ್ಯಾಮಿನೇಷನ್ ಮಾಡಿಕೊಡಲಾ ಅಂದೆ, ಬೇಡ ಅಂದ.

ದುಡ್ಡು ಕೊಟ್ಟ ಮೇಲೂ ಹೋಗಲಿಲ್ಲ. ಸ್ಟೂಲನ್ನು ನೋಡಿದ. ಅದರ ಮೇಲೆ ಯಾರೂ ಇರಲಿಲ್ಲ.

"ಅವನ ಎಡಗಿವಿ ಈಗ ಕೇಳ್ಸುತ್ತಾ?" ಅಂದ.

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಅಲ್ಲಿ ನಾವು ಹೋದಾಗ್ಲೇ ಅದರಿಂದ ನೀರು ಬರ್ತಿತ್ತು. ಹತ್ತಿ ಇಟ್ಕೊಂಡಿದ್ದ. ಎಡಗಡೆ ಕೂತ್ರೆ ಕೇಳ್ತಿರ್ಲಿಲ್ಲ, ಬಲಗಡೆ ಬಾ ಅಂತಿದ್ದ."

ಷರತ್ತು ನನಗೆ ಬಾಯಿಪಾಠ. ನೇರವಾಗಿಯಾಗಲಿ, ಬೇರೆಯವರ ಮೂಲಕವಾಗಲಿ. ಸಾಕ್ಷಿಯೇ ಬಂದು ಕೇಳಿದರೆ ಜಾಮೀನುದಾರ ಉತ್ತರ ಕೊಡಬಹುದಾ ಅಂತ ಯಾವ ಆದೇಶದಲ್ಲೂ ನಾನು ಟೈಪ್ ಮಾಡಿಲ್ಲ.

"ಇಲ್ಲ ಕಣೋ," ಅಂದೆ. "ಈಗಲೂ ಮುಖ ತಿರುಗಿಸಿಯೇ ಕೇಳ್ತಾನೆ."

ಅವನು ತಲೆ ಆಡಿಸಿ, ಜೆರಾಕ್ಸನ್ನು ಅಂಗಿಯೊಳಗೆ ಇಟ್ಟುಕೊಂಡು, ಮಳೆ ಇಲ್ಲದಿದ್ದರೂ ಬಿರಬಿರನೆ ರಸ್ತೆ ದಾಟಿದ.